ಶನಿಗೊಂದು ಅಂಗಡಿ

ನಮ್ಮ ಸ್ಕೂಲಿನಲ್ಲಿ ಇಂಗ್ಲಿಷ್ ಮಿಸ್ ಇದ್ದರು, ಮ್ಯಾತ್ಸ್ ಮಿಸ್ ಇದ್ದರು, ಹಿಂದಿ ಮಿಸ್ ಇದ್ದರು. ಬರೀ ‘ಮಿಸ್’ ಎಂದರೆ ಮಾತ್ರ ಸೈನ್ಸ್ ಹೇಳಿಕೊಡುತ್ತಿದ್ದ ಅವರು. ಜಯನಗರದ ಆ ಮಿಡ್ಲ್ ಸ್ಕೂಲಿನ ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವರದು. ನಾನು ಕನ್ನಡ ಪಾಠದವಳು, ‘ಮೇಡಂ’. ಅವರು ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು. ಹೆಸರು ಬರೆಯುವುದಿಲ್ಲ; ಗ್ರೂಪ್ ಫೋಟೋಗೂ ನಿಲ್ಲದೆ ಲ್ಯಾಬಿನೊಳಗೆ ಸೇರಿಕೊಳ್ಳುತ್ತಿದ್ದ ಹೆಂಗಸು, ಹೆಸರು ಹಾಕಿದರೆ ನನಗೇ ಸಂಕಟ.

ಹೋದವರ ಬಗ್ಗೆ ಬರೆಯುವಾಗ ‘ಬಹಳ ಒಳ್ಳೆಯವರು’ ಎಂದು ಶುರು ಮಾಡಬೇಕೇನೋ. ಮಿಸ್ ಮೊದಲಿಗೆ ಮೊಂಡು, ಮಹಾ ಮೊಂಡು. ಒಳ್ಳೆಯತನ ಆಮೇಲಿನ ಮಾತು. ಒಂದು ಸಲ ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಲ್ಯಾಬ್ ನೋಡಿ ಬಹಳ ಖುಷಿಪಟ್ಟರು. ಎಷ್ಟು ಸ್ವಚ್ಛವಾಗಿದೆ, ಮಕ್ಕಳು ದಿನಾ ಬರ್ತಾರಾ ಅಂತ ಕೇಳಿದರು. ಹಿಂದೆ ನಿಂತಿದ್ದ ಹೆಡ್ಮಾಸ್ಟರು ಕಣ್ಣಲ್ಲೇ ಸನ್ನೆ ಮಾಡಿದರು, ಪಾಪ. ಮಿಸ್ ನೇರವಾಗಿ, "ಇಲ್ಲ ಸಾರ್. ನೀವು ಬರ್ತೀರ ಅಂತ ಇವತ್ತು ಬೀಗ ತೆಗೆಸಿದ್ದು. ನಾಳೆಯಿಂದ ತೆಗ್ದೇ ಇರಲಿ ಅಂತ ನೀವೇ ಒಂದು ಮಾತು ಹೇಳಿಬಿಟ್ರೆ ಒಳ್ಳೇದು" ಎಂದರು. ಹೆಡ್ಮಾಸ್ಟರು ಆ ವರ್ಷವಿಡೀ ಅವರ ಜೊತೆ ಮಾತು ಬಿಟ್ಟರು. ಲ್ಯಾಬು ಮಾತ್ರ ತೆರೆದೇ ಇತ್ತು.

ಸುಳ್ಳು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ನನ್ನ ಹೊಸ ಸೀರೆ ಹೇಗಿದೆ ಎಂದು ಕೇಳುವ ಧೈರ್ಯ ನಾನೆಂದೂ ಮಾಡಿದವಳಲ್ಲ. ಮಕ್ಕಳು ಏನಾದರೂ ಕೇಳಿ ಇವರಿಗೆ ಉತ್ತರ ಗೊತ್ತಿಲ್ಲದಿದ್ದರೆ, "ನಂಗೂ ಗೊತ್ತಿಲ್ಲ ಕಣ್ರೋ, ನೋಡೋಣ ಬನ್ನಿ" ಎನ್ನುವರು. ಈ ‘ನೋಡೋಣ ಬನ್ನಿ’ ಕೇಳಿದರೆ ನಮಗೆಲ್ಲ ಭಯ. ಏಕೆಂದರೆ ನೋಡಲು ಬೇಕಾದ ಸಾಮಾನುಗಳೆಲ್ಲ ನಮ್ಮ ಊಟದ ಡಬ್ಬಿಗಳಿಂದಲೇ ಹೋಗಬೇಕು. ನಾನು ಹಬ್ಬಕ್ಕೆ ಕರಿದು ತಂದಿದ್ದ ಕೋಡುಬಳೆಯೊಂದನ್ನು ಎತ್ತಿ, ದ್ರಾಕ್ಷಿ ಹಣ್ಣಿಗೆ ತೊಡಿಸಿ, "ನೋಡಿ ಮೇಡಂ, ಶನಿ" ಎಂದಿದ್ದರು. "ನಿಮ್ಮ ಶನಿ ಹಾಳಾಗ, ಮೊದ್ಲು ತಿನ್ನಿ" ಎಂದಿದ್ದೆ. ತಿನ್ನಲಿಲ್ಲ. ಏಳನೇ ಕ್ಲಾಸಿಗೆ ತೋರಿಸಲು ತೆಗೆದುಕೊಂಡು ಹೋದರು.

ಏಪ್ರಿಲ್ ತಿಂಗಳ ಕೊನೆಯಲ್ಲಿ ಬೆಂಗಳೂರಿನ ನೆತ್ತಿಯ ಮೇಲೆ ಸೂರ್ಯ ಸರಿಯಾಗಿ ನಿಲ್ಲುವ ದಿನ ಒಂದು ಬರುತ್ತದೆ. ನೆಟ್ಟಗೆ ನಿಲ್ಲಿಸಿದ ವಸ್ತುವಿಗೆ ನೆರಳೇ ಇರುವುದಿಲ್ಲ. ಬೇಸಿಗೆ ರಜ ಎನ್ನುವುದು ಮಿಸ್‌ಗೆ ಲೆಕ್ಕಕ್ಕಿಲ್ಲ. ಮನೆಮನೆಗೆ ಹೇಳಿ ಕಳಿಸಿ ಮಕ್ಕಳನ್ನು ಮೈದಾನಕ್ಕೆ ಕರೆಸಿ, ಒಬ್ಬೊಬ್ಬರ ಮುಂದೆ ಒಂದೊಂದು ಸ್ಟೀಲ್ ಲೋಟ ಬೋರಲು ಹಾಕಿಸಿ ಕಾಯಿಸುವರು. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಲೋಟದ ನೆರಳು ಲೋಟದಡಿಗೇ ಸೇರಿಕೊಳ್ಳುತ್ತಿತ್ತು. ಮಕ್ಕಳು ಹೋ ಎಂದು ಕೂಗುತ್ತಿದ್ದವು. ಮಿಸ್ ಕೂಡ ಕೂಗುತ್ತಿದ್ದರು. ಪ್ರತಿ ವರ್ಷವೂ ಅದೇ ಮೊದಲ ಸಲ ನೋಡಿದವರ ಹಾಗೆ! ನಾನು ಕೊಡೆ ಹಿಡಿದು ನಿಂತು, "ಅಲ್ಲಾ ಮಿಸ್, ಹೋದ ವರ್ಷಾನೂ ಹೀಗೇ ಆಗಿತ್ತಲ್ಲ" ಎಂದರೆ, "ಈ ವರ್ಷ ಆಗದೇ ಇದ್ದಿದ್ರೆ?" ಎನ್ನುವರು. ಅಂಥವರ ಜೊತೆ ಏನು ವಾದ ಮಾಡುವುದು ಹೇಳಿ.

ರಿಟೈರಾದ ಮೇಲೆ ನಾನು ಯೋಗದ ಕ್ಲಾಸು, ಮೊಮ್ಮಗಳು, ಸೀರಿಯಲ್ಲು ಎಂದು ಸುಮ್ಮನಾದೆ. ಮಿಸ್ ಮದುವೆಯಾದವರಲ್ಲ. ಯಡಿಯೂರಿನಲ್ಲಿ ಒಬ್ಬರೇ ಇದ್ದರು. ಒಂದು ದಿನ ಬೆಳಿಗ್ಗೆ ಕೆರೆಯ ಸುತ್ತ ವಾಕಿಂಗ್ ಮಾಡುತ್ತಿದ್ದಾಗ ನಡುದಾರಿಯಲ್ಲಿ ನಿಂತು, "ಮೇಡಂ, ನಾನೊಂದು ಸೆಂಟರ್ ಮಾಡ್ತೀನಿ" ಎಂದರು. ಆಕಾಶದ ಬಗ್ಗೆ, ಗ್ರಹ ನಕ್ಷತ್ರ ರಾಕೆಟ್ಟುಗಳ ಬಗ್ಗೆ ಮಕ್ಕಳು ಕೈಯಾರೆ ಮಾಡಿ ಕಲಿಯುವ ಒಂದು ಕೇಂದ್ರ. ಜಯನಗರದಿಂದ ತಲಘಟ್ಟಪುರದವರೆಗಿನ ಯಾವ ಸ್ಕೂಲಿನ ಮಕ್ಕಳಾದರೂ ಬರಬಹುದು. ಆದರೆ ಆರು, ಏಳು, ಎಂಟನೇ ಕ್ಲಾಸಿನವರು ಮಾತ್ರ.

"ಅದ್ಯಾಕೆ ಅವರು ಮಾತ್ರ?" ಎಂದೆ.

"ಐದನೇ ಕ್ಲಾಸಿನವರೆಗೂ ಎಲ್ಲಾ ಕೇಳ್ತವೆ, ಉತ್ತರ ಹೇಳೋಷ್ಟರಲ್ಲಿ ಮರ್ತು ಆಡೋಕೆ ಹೋಗ್ತವೆ. ಒಂಬತ್ತಕ್ಕೆ ಬಂದ್ರೆ ಇದು ಎಷ್ಟು ಮಾರ್ಕ್ಸಿಗೆ ಅಂತ ಮಾತ್ರ ಕೇಳ್ತವೆ. ನಡುವಿನ ಮೂರು ವರ್ಷ ನಂಗೆ ಬೇಕು ಮೇಡಂ. ಬೇರೆ ಏನೂ ಬೇಡ."

ಹಾಗೆಂದಾಗ ಅವರ ಮುಖ ನಾನು ನೋಡಿದೆ. ಈ ಹೆಂಗಸು ಬದುಕಿನಲ್ಲಿ ತನಗಾಗಿ ಏನನ್ನಾದರೂ ಬೇಕು ಎಂದು ಕೇಳಿದ್ದು ನನ್ನ ಕಿವಿಗೆ ಬಿದ್ದದ್ದು ಅದೊಂದೇ ಸಲ.

ಜಾಗ ಕೊಟ್ಟವರು ಗೌಡ್ರು. ಹಿಂದೆ ಅವರ ಮನೆತನದ ರಾಗಿ ಹೊಲವಿದ್ದ ಕಡೆ ಈಗ ಅವರದೇ ಮೂರಂತಸ್ತಿನ ಕಟ್ಟಡ ಜಯನಗರದಲ್ಲಿದೆ. ಮೇಲಿನ ಮಹಡಿ ಖಾಲಿ ಬಿದ್ದಿತ್ತು. ಅವರ ಇಬ್ಬರು ಮಕ್ಕಳೂ ಮಿಸ್‌ನ ಶಿಷ್ಯರು. "ಇಟ್ಕೊಳ್ಳಿ ಮಿಸ್, ಬಾಡಿಗೆ ಗೀಡಿಗೆ ಮಾತಾಡಬೇಡಿ. ಓಪನಿಂಗ್ ದಿನ ಒಂದು ಹೋಮ ಮಾಡಿಸ್ತೀನಿ, ಅದಕ್ಕೆ ಮಾತ್ರ ಬ್ಯಾಡ ಅನ್ನಬೇಡಿ" ಎಂದರು. ಮಿಸ್, ಹೊಗೆ ಹೇಗೆ ಮೇಲಕ್ಕೇ ಹೋಗುತ್ತದೆ ಎಂದು ಮಕ್ಕಳಿಗೆ ತೋರಿಸಬಹುದು ಎಂದು ಒಪ್ಪಿಕೊಂಡರು.

ಆ ಸೆಂಟರಿನ ಜೀವ ಇದ್ದದ್ದು ಮಹಡಿಯ ಮೇಲಲ್ಲ, ಬೀದಿಯಲ್ಲಿ. ಮಹಡಿಯ ಹಾಲಿನಲ್ಲಿ ಸೂರು ಮುಟ್ಟುವಂಥ ದೊಡ್ಡ ಸೂರ್ಯ. ಸೂರ್ಯ ಅಷ್ಟಿದ್ದರೆ ಭೂಮಿ ನೆಲ್ಲಿಕಾಯಿಯಷ್ಟು, ಗುರುವೂ ಶನಿಯೂ ಒಂದೊಂದು ಕುಂಬಳಕಾಯಿಯಷ್ಟು. ಅದೇ ಅಳತೆಯಲ್ಲಿ ದೂರ ಲೆಕ್ಕ ಹಾಕಿದರೆ ಹತ್ತಿರದ ಗ್ರಹಗಳು ಅದೇ ರಸ್ತೆಯಲ್ಲಿ, ಗುರು ಬನಶಂಕರಿಯ ಹತ್ತಿರ, ಶನಿ ಸಾರಕ್ಕಿಯ ಕಡೆ, ನೆಪ್ಚೂನ್ ಹೋಗಿ ತಲಘಟ್ಟಪುರದಲ್ಲಿ. ಒಂದೊಂದು ಗ್ರಹವೂ ಒಂದೊಂದು ಅಂಗಡಿಯಲ್ಲಿರಬೇಕು, ಮಕ್ಕಳು ನಡೆದುಕೊಂಡು ಹೋಗಿ ನೋಡಬೇಕು. "ಪುಸ್ತಕದಲ್ಲಿ ಎಲ್ಲಾ ಗ್ರಹನೂ ಒಂದೇ ಪುಟದಲ್ಲಿ ಪಕ್ಕ ಪಕ್ಕ ಕೂತಿರ್ತವೆ ಮೇಡಂ. ಎಷ್ಟು ದೂರ ಅನ್ನೋದು ಕಾಲಿಗೆ ಗೊತ್ತಾಗಬೇಕು" ಎಂದರು.

ಗ್ರಹಗಳನ್ನು ಮಾಡಿಕೊಟ್ಟವನು ಆರ್.ವಿ. ರಸ್ತೆಯಲ್ಲಿ ಗಣೇಶನ ವಿಗ್ರಹ ಮಾರುವವನು. ಸೂರ್ಯನಿಗೆ ಬಣ್ಣ ಬಳಿದು ಮುಗಿಸಿ, "ಕಣ್ಣು ಬ್ಯಾಡ್ವಾ ಮಿಸ್?" ಎಂದು ಕೇಳಿದ. ಕಣ್ಣಿಲ್ಲದೆ ಕಳಿಸಲು ಅವನಿಗೆ ಮನಸ್ಸೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ಪಾಡು. ನಾನೂ ಜೊತೆಗೆ ತಿರುಗುತ್ತಿದ್ದೆ. ಮಿಸ್‌ಗೆ ವಿಜ್ಞಾನ ಗೊತ್ತಿತ್ತು, ಆದರೆ ನಮ್ಮ ಜನಕ್ಕೆ ಗ್ರಹ ಎಂದರೆ ಏನು ಎನ್ನುವುದನ್ನೇ ಅವರು ಮರೆತಿದ್ದರು. ಬುಧ ತಕರಾರಿಲ್ಲದೆ ಪಕ್ಕದ ಸ್ಟೇಷನರಿ ಅಂಗಡಿಗೆ ಹೋದ. ಶುಕ್ರನನ್ನು ಬ್ಯೂಟಿ ಪಾರ್ಲರಿನಾಕೆ ಬಾಚಿ ತಬ್ಬಿಕೊಂಡು ಸುತ್ತ ಸೀರಿಯಲ್ ಸೆಟ್ ದೀಪ ಹಾಕಿಸಿದಳು. ಭೂಮಿ ಕಾಂಡಿಮೆಂಟ್ಸ್ ಅಂಗಡಿಯ ಗಾಜಿನ ಜಾಡಿಗೆ ಸೇರಿತು. ಮಂಗಳನ ಹತ್ತಿರ ಬಂದಾಗ ಟೈಲರ್ ಆಸಾಮಿ ಒಪ್ಪಿಕೊಂಡಿದ್ದ, ಅವನ ಹೆಂಡತಿ ಒಳಗಿನಿಂದ ಬಂದು, "ಮಗಳಿಗೆ ಕುಜದೋಷ ಅಂತ ಎರಡು ಸಂಬಂಧ ತಪ್ಪಿ ಹೋಗಿದಾವೆ, ಈಗ ಕುಜನ್ನೇ ತಂದು ಮನೇಲಿ ಇಟ್ಕೋತೀಯಾ?" ಎಂದು ಗಂಡನ ಮರ್ಯಾದೆ ತೆಗೆದಳು. ಮಂಗಳ ಪಕ್ಕದ ಮೆಡಿಕಲ್ ಸ್ಟೋರಿಗೆ ಹೋದ. ಗುರುವಿಗೆ ಮಾತ್ರ ಕಿತ್ತಾಟ. ಗುರುಬಲ ಯಾರಿಗೆ ಬೇಡ? ಕೊನೆಗೆ ಸ್ವೀಟ್ ಅಂಗಡಿಯವರು ಗೆದ್ದು, ಗುರುವಾರ ಗುರುವಾರ ಹೂವಿನ ಹಾರ ಹಾಕತೊಡಗಿದರು. ನಾನು ನಕ್ಕರೆ ಮಿಸ್, "ಹಾಕ್ಲಿ ಬಿಡಿ. ಹಾರ ಹಾಕೋಕೆ ಹತ್ತಿರ ಹೋದಾಗ ಆ ಕೆಂಪು ಚುಕ್ಕೆ ಏನು ಅಂತ ಕೇಳ್ತಾರಲ್ಲ" ಎಂದರು. ಒಬ್ಬರು ಬಹಳ ಕಾಳಜಿಯಿಂದ, "ರಾಹು ಕೇತು ಎಲ್ಲಿಡ್ತೀರಾ?" ಎಂದೂ ವಿಚಾರಿಸಿದರು. ಯುರೇನಸ್ಸು ನೆಪ್ಚೂನಿಗೆ ನಮ್ಮ ಪಂಚಾಂಗದಲ್ಲಿ ಜಾಗವಿಲ್ಲ, ಆದ್ದರಿಂದ ತಂಟೆಯೂ ಇರಲಿಲ್ಲ.

ಉಳಿದವನು ಶನಿ.

ಲೆಕ್ಕದ ಪ್ರಕಾರ ಅವನು ಬರಬೇಕಾದ ಜಾಗದಲ್ಲಿ ಅಂಗಡಿಗಳಿದ್ದವು, ಆದರೆ ಅವನಿಗೆ ತೆರೆಯುವ ಬಾಗಿಲು ಇರಲಿಲ್ಲ. ಫರ್ನಿಚರ್ ಅಂಗಡಿಯವರು, "ಸಾಡೇಸಾತಿ ಈಗ ತಾನೆ ಮುಗೀತು ಮಿಸ್, ಕೈ ಮುಗೀತೀನಿ" ಎಂದರು. ಹೋಟೆಲಿನವರು ಕಾಫಿ ಕೊಟ್ಟರು, ಜಾಗ ಕೊಡಲಿಲ್ಲ. ಕಾಲು ನೋವು ಬಂದು ನನಗೆ ರೇಗಿತು. "ಅಯ್ಯೋ, ಇನ್ನೊಂಚೂರು ಮುಂದೆ ಶನಿದೇವರ ಗುಡೀನೇ ಇದೆ, ಅಲ್ಲೇ ಇಟ್ಟುಬಿಡಿ, ಇಬ್ಬರಿಗೂ ಜೊತೆ ಆಗುತ್ತೆ" ಎಂದೆ.

"ಅಲ್ಲಿ ಇಟ್ರೆ ದೂರ ತಪ್ಪುತ್ತೆ ಮೇಡಂ. ಮಕ್ಕಳ ಕಾಲಿಗೆ ಸುಳ್ಳು ಹೇಳಬಾರದು."

ಕೊನೆಗೆ ಬಾಗಿಲು ತೆರೆದವನು ಮಂಜು. ಚಿಕ್ಕ ಝೆರಾಕ್ಸ್ ಅಂಗಡಿ. ಲ್ಯಾಮಿನೇಷನ್, ಪ್ಯಾನ್ ಕಾರ್ಡು, ಮೊಬೈಲ್ ರೀಚಾರ್ಜು ಎಲ್ಲ ಅಲ್ಲೇ. ಅವನೂ ನಮ್ಮ ಸ್ಕೂಲಿನವನೇ, ಮೂವತ್ತು ದಾಟಿದ್ದ. ಮಿಸ್‌ನ ನೋಡಿದ ಕೂಡಲೇ ಮೆಷಿನ್ ನಿಲ್ಲಿಸಿ ಎದ್ದು ನಿಂತ. "ಮಿಸ್, ಏಳನೇ ಕ್ಲಾಸಲ್ಲಿ ನನ್ನನ್ನ ಸೂರ್ಯ ಮಾಡಿ ಮೈದಾನದ ಮಧ್ಯ ನಿಲ್ಸಿದ್ರಿ. ಎಲ್ಲರೂ ನಿನ್ನ ಸುತ್ತ ಸುತ್ತುತಾರೆ, ನೀನು ಅಲುಗಾಡಬೇಡ ಅಂದ್ರಿ. ನೋಡಿ, ಇವತ್ತಿಗೂ ಇಲ್ಲೇ ನಿಂತಿದೀನಿ!" ಎಂದು ತನ್ನ ಜೋಕಿಗೆ ತಾನೇ ನಕ್ಕ. ಶನಿಯ ವಿಷಯ ಹೇಳಿದ್ದೇ ತಡ, "ತನ್ನಿ ಮಿಸ್, ಮೆಷಿನ್ ಮೇಲ್ಗಡೆ ನೇತು ಹಾಕಣ, ಸಖತ್ತಾಗಿ ಕಾಣುತ್ತೆ" ಎಂದ.

ಅವನ ತಾಯಿ ಒಳಗೆ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ, ತಾಯಿ ಮಗ ಇಬ್ಬರೇ. "ಬ್ಯಾಡ ಕಣೋ ಮಂಜ" ಎಂದರು.

"ಅಮ್ಮ, ಅದು ಥರ್ಮಾಕೋಲು ಕಣಮ್ಮ!"

"ಏನಾದ್ರೂ ಆಗ್ಲಿ, ಶನಿ ಶನೀನೇ."

ಮಗ ಕೇಳಲಿಲ್ಲ. ಆಮೇಲೆ ಶನಿವಾರಗಳಂದು ಮಕ್ಕಳು ಗುಂಪಾಗಿ ಅಲ್ಲಿಗೆ ಬರತೊಡಗಿದವು. ಸೂರ್ಯನಿಂದ ಹೊರಟು, ಉಸ್ಸಪ್ಪಾ ಎಂದು ನಡೆದು, ಶನಿಯನ್ನು ಕಂಡ ಕೂಡಲೇ ಅಂಗಡಿಯ ಕಟ್ಟೆಯ ಮೇಲೆ ಕುಕ್ಕರಿಸುತ್ತಿದ್ದವು. ಮಂಜು ಒಬ್ಬೊಬ್ಬರ ಅಂಗೈಯನ್ನೂ ಮೆಷಿನ್ ಮೇಲೆ ಇಡಿಸಿ ಝೆರಾಕ್ಸ್ ತೆಗೆದುಕೊಡುತ್ತಿದ್ದ, ಶನಿಗೆ ಬಂದಿದ್ದಕ್ಕೆ ಸಾಕ್ಷಿ ಎಂದು. ಆ ತಾಯಿಯೂ ಬರಬರುತ್ತಾ ಮಕ್ಕಳಿಗೆ ಮಜ್ಜಿಗೆ ಮಾಡಿ ಕೊಡತೊಡಗಿದ್ದರು. ಆ ಕೆಲವು ತಿಂಗಳು ಮಿಸ್ ಎಷ್ಟು ಸಂತೋಷವಾಗಿದ್ದರು ಎಂದರೆ ನನಗೇ ಹೊಟ್ಟೆಕಿಚ್ಚು. ಸೆಂಟರಿನ ಔಪಚಾರಿಕ ಓಪನಿಂಗಿಗೆ ಗೌಡ್ರು ದಿನ ನೋಡಿಸಿದ್ದರು. ಸುತ್ತಮುತ್ತಲಿನ ಸ್ಕೂಲುಗಳಿಂದ ಫೋನಿನ ಮೇಲೆ ಫೋನು ಬರುತ್ತಿತ್ತು.

ಓಪನಿಂಗಿಗೆ ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ ಮಂಜು ಸತ್ತ. ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಹಾರ್ಟ್ ಅಟ್ಯಾಕ್ ಎಂದರು. ಆ ವಯಸ್ಸಿಗೆ! ಈಗೀಗ ಇಂಥದ್ದು ಎಷ್ಟೊಂದು ಕೇಳುತ್ತೇವೆ, ಆದರೂ ನಮ್ಮ ಕೈಯಲ್ಲಿ ಪದ್ಯ ಒಪ್ಪಿಸಿದ ಹುಡುಗ ಹಾಗೆ ಹೋದ ಎಂದರೆ ನಂಬುವುದು ಹೇಗೆ? ಮಿಸ್ ಅವನ ತಲೆಯ ಹತ್ತಿರ ನಿಂತಿದ್ದರು. ಸುತ್ತ ಇದ್ದವರ ಕಣ್ಣು ಅಂಗಡಿಯ ಮುಚ್ಚಿದ ಶಟರಿನ ಕಡೆ ಹೋಗಿ ಬರುತ್ತಿದ್ದದ್ದು ನನಗೆ ಕಂಡಿತು. ಗುಸುಗುಸು ಆಗಲೇ ಶುರುವಾಗಿತ್ತು.

ಕರ್ಮಗಳೆಲ್ಲ ಮುಗಿದ ಮೇಲಿನ ಶನಿವಾರ ಮಂಜುನ ತಾಯಿ ಸೆಂಟರಿಗೆ ಬಂದರು. ನಾನು ಮಕ್ಕಳಿಗೆ ಬಿಸ್ಕತ್ತು ತೆಗೆದುಕೊಂಡು ಮೆಟ್ಟಿಲು ಹತ್ತಿದಾಗ ಹಾಲಿನ ಬಾಗಿಲು ಒಳಗಿನಿಂದ ಹಾಕಿತ್ತು. ಮಕ್ಕಳು ಹೊರಗೆ ನಿಂತಿದ್ದವು. "ಆ ಅಜ್ಜಿ ಮಿಸ್ ಜೊತೆ ಮಾತಾಡಬೇಕಂತೆ" ಎಂದವು. ಸುದ್ದಿ ಹೇಗೋ ಹಬ್ಬಿ, ಗೌಡ್ರು ಬಂದರು, ಪಾರ್ಲರಿನಾಕೆ ಬಂದಳು, ಸ್ವೀಟ್ ಅಂಗಡಿಯವರು ಬಂದರು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಶನಿ ನೆಲದ ಮೇಲೆ ಗೋಣಿಚೀಲದಲ್ಲಿತ್ತು. ಅಷ್ಟು ಜನರನ್ನು ಕಂಡು ಆ ತಾಯಿ ಒಂದು ಕ್ಷಣ ತಬ್ಬಿಬ್ಬಾದರು. ಮಿಸ್‌ನ ಮುಖ ನೋಡಿದರು. ಆಮೇಲೆ ಎದೆ ಬಡಿದುಕೊಂಡು, "ನಿಮ್ಮ ಶನಿ ನನ್ನ ಮಗನ್ನ ತಿಂತಲ್ರಮ್ಮಾ!" ಎಂದು ಕೂಗಿದರು.

ಮಿಸ್ ಎರಡೂ ಕೈ ಜೋಡಿಸಿ, ಎಲ್ಲರಿಗೂ ಕೇಳಿಸುವ ಹಾಗೆ, ಕ್ಲಾಸಿನ ಧ್ವನಿಯಲ್ಲಿ ಹೇಳಿದರು: "ಹೌದಮ್ಮ. ನೀವು ಬೇಡ ಅಂದ್ರೂ ಇಟ್ಟೋಳು ನಾನೇ. ನನ್ನಿಂದಲೇ ಆಯ್ತು. ತಪ್ಪಾಯ್ತು."

ಇನ್‌ಸ್ಪೆಕ್ಟರ ಮುಂದೆ ಸುಳ್ಳು ಹೇಳದ ಬಾಯಿ ಇದು.

ಮುಂದೆ ಆಗಬೇಕಾದದ್ದೇ ಆಯಿತು. ಸೈನ್ಸ್ ಮಿಸ್ಸೇ ಒಪ್ಪಿಕೊಂಡ ಮೇಲೆ ಇನ್ನೇನು ಉಳಿಯಿತು? ವಾರ ತುಂಬುವುದರೊಳಗೆ ಮಂಗಳ ಬಂದ, ಶುಕ್ರ ಬಂದ, ಹಾರ ಹಾಕಿಸಿಕೊಂಡ ಗುರುವೂ ಬಂದ. ಕಾಂಡಿಮೆಂಟ್ಸಿನವನು ಭೂಮಿಯನ್ನು ಸಹ ಪೇಪರಿನಲ್ಲಿ ಸುತ್ತಿ ತಂದುಕೊಟ್ಟು ಹೋದ. ಮಕ್ಕಳನ್ನು ಕಳಿಸುತ್ತಿದ್ದ ಸ್ಕೂಲುಗಳು ಪರೀಕ್ಷೆ ಹತ್ತಿರ ಬಂತು ಎಂದವು. ಗೌಡ್ರ ಮನೆಯಲ್ಲಿ ಹೆಂಗಸರು ಗಲಾಟೆ ಮಾಡಿದರು. ಪಾಪ, ಗೌಡ್ರು ಒಳ್ಳೆಯ ಮನುಷ್ಯ, ನನ್ನ ಎದುರಿಗೇ ಮಿಸ್‌ನ ಬೇಡಿಕೊಂಡರು.

"ಮಿಸ್, ಒಂದೇ ಒಂದ್ ಮಾತು. ಒಬ್ಬ ಡಾಕ್ಟ್ರನ್ನ ಕರ್ಸ್ತೀನಿ. ಎಲ್ಲರ್ನೂ ಕೂರ್ಸಿ, ಅವನಿಗೆ ಹಾರ್ಟ್ ತೊಂದ್ರೆ ಇತ್ತು, ಈ ಬೊಂಬೆಗೂ ಅದಕ್ಕೂ ಸಂಬಂಧ ಇಲ್ಲ ಅಂತ ನಿಮ್ಮ ಬಾಯಲ್ಲಿ ಬರ್ಲಿ. ಓಪನಿಂಗ್ ನಾನು ಮಾಡಿಸ್ತೀನಿ. ನಮ್ಮನೇವರ್ನ ನಾನು ನೋಡ್ಕೋತೀನಿ."

"ಆ ತಾಯಿನೂ ಕರೀತೀರಾ?"

"ಕರೀಲೇಬೇಕಲ್ಲ ಮಿಸ್, ಮಾತು ಶುರುವಾಗಿದ್ದೇ ಅವರಿಂದ."

"ಹಾಗಾದ್ರೆ ಬೇಡ ಗೌಡ್ರೇ."

"ಸೆಂಟರ್ ಹೋಗುತ್ತೆ ಮಿಸ್."

"ಹೋಗ್ಲಿ" ಎಂದರು. ಎಂದವರು ಎದ್ದು ಸೂರ್ಯನ ಹಿಂದೆ ಹೋಗಿ ನಿಂತುಕೊಂಡರು. ಅವರ ಕಾಲು ಮಾತ್ರ ನಮಗೆ ಕಾಣುತ್ತಿತ್ತು. ಗೌಡ್ರು ಮೆಲ್ಲಗೆ ಚಪ್ಪಲಿ ಹಾಕಿಕೊಂಡು ಇಳಿದು ಹೋದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಆಡಿದೆ. ಆಯುಷ್ಯವೆಲ್ಲ ಮಕ್ಕಳಿಗೆ ಏನು ಹೇಳಿಕೊಟ್ಟಿರೋ ಅದನ್ನು ಒಂದು ಮಾತಿನಲ್ಲಿ ಒರೆಸಿ ಹಾಕಿದಿರಲ್ಲ, ಇನ್ನು ಈ ಕಡೆ ಯಾವ ಮಗು ತಲೆಯೆತ್ತಿ ಆಕಾಶ ನೋಡುತ್ತದೆ, ಎಂದೆಲ್ಲ. ಮಿಸ್ ನಡೆಯುತ್ತಲೇ ಇದ್ದರು. ಕೊನೆಗೆ, "ಸೆಂಟರ್ ಇನ್ಯಾರಾದ್ರೂ ಕಟ್ತಾರೆ ಮೇಡಂ" ಎಂದರು.

"ಯಾರು ಕಟ್ತಾರೆ? ನಿಮ್ಮ ತಾತ?"

ಮಿಸ್ ತಮ್ಮ ಬೀದಿಗೆ ತಿರುಗಿಕೊಂಡರು.

ಸಾಮಾನು ಖಾಲಿ ಮಾಡುತ್ತಿದ್ದ ದಿನ ಒಬ್ಬ ಹುಡುಗಿ ಬಂದಳು. ಆರನೇ ಕ್ಲಾಸು, ವಸಂತಪುರದ ಕಡೆಯಿಂದ ಬರುತ್ತಿದ್ದವಳು, ತಂದೆಯ ಜೊತೆ ಬಂದಿದ್ದಳು. ಖಾಲಿ ಹಾಲನ್ನು ನೋಡಿ ಅಳು ಬಂದಿರಬೇಕು, ತಡೆದುಕೊಂಡು, "ಮಿಸ್, ಶನಿ ನಿಜವಾಗ್ಲೂ ತಿನ್ನುತ್ತಾ?" ಎಂದು ಕೇಳಿದಳು. ಈಗೇನು ಹೇಳುತ್ತೀರಿ, ಹೇಳಿ ನೋಡೋಣ ಎಂದು ನಾನೂ ಕಾದೆ.

ಮಿಸ್ ಅವಳ ಮುಂದೆ ಮಂಡಿಯೂರಿ ಕೂತರು. "ಇಲ್ಲ ಪುಟ್ಟ. ತಿನ್ನಲ್ಲ. ಅದು ತುಂಬಾ ದೂರ ಇದೆ, ನೀನೇ ನಡೆದು ನೋಡಿದೀಯಲ್ಲ. ಅದಕ್ಕೆ ನಾವು ಯಾರು ಅಂತಾನೂ ಗೊತ್ತಿಲ್ಲ."

"ಮತ್ತೆ ನೀವು ಹೌದು ಅಂದ್ರಂತೆ?"

"ಅಂದೆ. ಆ ಅಜ್ಜಿ ಮುಂದೆ ಮಾತ್ರ ನೀನು ಇಲ್ಲ ಅನ್ನಬೇಡ. ಆಯ್ತಾ?"

ಹುಡುಗಿಗೆ ಏನು ಅರ್ಥವಾಯಿತೋ, ತಲೆಯಾಡಿಸಿದಳು. ನನಗೆ ಅರ್ಥವಾಗಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಾಗುತ್ತಿದ್ದೆನೇನೋ. ಮಿಸ್ ಶುಕ್ರವಾರ ಶುಕ್ರವಾರ ಸಾರಕ್ಕಿಗೆ ಸೊಪ್ಪು ತರಲು ಹೋಗತೊಡಗಿದರು. ಯಡಿಯೂರಿನಲ್ಲಿ ಸೊಪ್ಪಿಗೆ ಬರವೇ? ಒಂದು ದಿನ ಜೊತೆಗೆ ಹೋದೆ. ಮಂಜುನ ಅಂಗಡಿಯಲ್ಲಿ ಈಗ ಅವನ ತಾಯಿ ಹೂವು, ಬಾಳೆಹಣ್ಣು ಇಟ್ಟುಕೊಂಡು ಕೂರುತ್ತಿದ್ದರು. ಮಿಸ್‌ನ ಕಂಡ ಕೂಡಲೇ ಎದ್ದು ನಿಂತು ಶುರು ಮಾಡಿದರು. ಬಂಜೆ, ಮನೆಹಾಳಿ, ನನ್ನ ಮಗನ್ನ ನುಂಗಿ ನೀರು ಕುಡಿದೋಳು. ಕೈಗೆ ಸಿಕ್ಕಿದ ಮಣ್ಣು ಬಾಚಿ ತೂರಿದರು. ರಸ್ತೆಯಲ್ಲಿ ಜನ ನಿಂತು ನೋಡುತ್ತಿದ್ದರು. ಮಿಸ್ ಸೊಪ್ಪಿನ ಚೀಲ ಹಿಡಿದುಕೊಂಡು, ಪ್ರೇಯರ್‌ನಲ್ಲಿ ನಿಂತ ಹಾಗೆ ನಿಂತಿದ್ದರು. ಬೈಗುಳ ಮುಗಿಯುವವರೆಗೂ ಕಾದು, ಸೀರೆಗೆ ಬಿದ್ದ ಮಣ್ಣನ್ನು ಮೆಲ್ಲಗೆ ಕೊಡವಿಕೊಂಡು ಹೊರಟರು.

"ನಿಮಗೇನು ತಲೆ ಕೆಟ್ಟಿದೆಯಾ? ಬೇರೆ ದಾರಿ ಇಲ್ವಾ?" ಎಂದೆ. ಅಳು ಬಂದುಬಿಟ್ಟಿತ್ತು ನನಗೆ.

"ಇದೆ ಮೇಡಂ" ಎಂದರು.

ಮುಂದಿನ ಶುಕ್ರವಾರವೂ ಹೋದರು. ಅದರ ಮುಂದಿನದಕ್ಕೂ. ನಾನು ಜೊತೆಗೆ ಹೋಗುವುದನ್ನು ಬಿಟ್ಟೆ. ಕಣ್ಣಾರೆ ನೋಡಲು ನನ್ನಿಂದಾಗುತ್ತಿರಲಿಲ್ಲ.

ಈ ವರ್ಷದ ಶುರುವಿನಲ್ಲಿ ಅವರಿಗೆ ಹೊಟ್ಟೆಯ ಕಾಯಿಲೆ ಎಂದು ತಿಳಿಯಿತು. ತಿಳಿಯುವ ಹೊತ್ತಿಗೆ ತಡವಾಗಿತ್ತು. ಮಲಗಿದಲ್ಲಿಂದಲೂ ನರ್ಸಮ್ಮನಿಗೆ ಡ್ರಿಪ್ ಬಾಟಲಿ ಯಾಕೆ ಎತ್ತರದಲ್ಲೇ ಇರಬೇಕು ಎಂದು ಪಾಠ ಮಾಡಿದರು. ನಾನು ದಿನಾ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ, ಎರಡು ಚಮಚ ಕುಡಿದರೆ ಹೆಚ್ಚು. ಎದ್ದು ಕೂರಲಾರದ ಸ್ಥಿತಿಯಲ್ಲೂ ಒಂದು ದಿನ, "ಇವತ್ತು ಶುಕ್ರವಾರ ಅಲ್ವಾ ಮೇಡಂ? ಒಂದು ಆಟೋ ಕರೀತೀರಾ?" ಎಂದರು. ಸುಮ್ಮನೆ ಮಲಗಿ ಎಂದು ಗದರಿದೆ. ಗೋಡೆಯ ಕಡೆ ತಿರುಗಿಕೊಂಡರು.

ಅವರು ಹೋದ ದಿನ ಮೈಸೂರಿನಿಂದ ತಂಗಿಯ ಮಗ ಬಂದು ಮುಂದಿನದೆಲ್ಲ ಮಾಡಿದ. ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಗೌಡ್ರು ಚಿಕ್ಕ ಮಗುವಿನ ಹಾಗೆ ಅತ್ತರು. ವ್ಯಾನು ಹೊರಟುಹೋದ ಮೇಲೆ ಮನೆ ಗುಡಿಸಿ ನೀರು ಹಾಕಿಸಿ, ನಾನೊಬ್ಬಳೇ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಗೇಟು ಸದ್ದಾಯಿತು. ಮಂಜುನ ತಾಯಿ.

ಸತ್ತ ಮೇಲೂ ಬಿಡುವುದಿಲ್ಲವೇ ಎಂದು ಎದ್ದು ನಿಂತೆ. ಆಕೆ ನನ್ನನ್ನು ನೋಡದೆ ಒಳಗಿನ ಖಾಲಿ ನಡುಮನೆಯನ್ನು ನೋಡಿದರು.

"ಹೋಗ್ಬುಟ್ರಾ?"

"ಹೋದ್ರು."

"ಎಷ್ಟು ವಾರ ಆಯ್ತು ಮೇಡಂ, ಬರ್ಲೇ ಇಲ್ಲ. ನಾನು ದಾರಿ ನೋಡ್ತಾನೇ ಇದ್ದೆ."

"ಯಾಕೆ, ಬೈಯೋಕಾ?" ಎಂದೆ. ನಾನೇಕೆ ಬಿಡಲಿ?

"ಹೂಂ ಮೇಡಂ. ಬೈಯೋಕೆ."

ಹಾಗೆಂದು ಆಕೆ ಮೆಟ್ಟಿಲ ಮೇಲೆ ಕುಸಿದರು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ಆಮೇಲೆ ನೆಲ ನೋಡುತ್ತಾ ಹೇಳತೊಡಗಿದರು.

"ಅವತ್ತು ಸಂಜೆ ಮಂಜ ಎದೆ ನೋವು ಅಂದ. ಬೋಂಡ ತಿಂದಿದೀಯ, ಗ್ಯಾಸು ಕಣೋ ಅಂದೆ. ಜೀರಿಗೆ ನೀರು ಕಾಯ್ಸಿ ಕೊಟ್ಟೆ. ಬೆವರು ಬತ್ತಾ ಇದೆ, ಆಸ್ಪತ್ರೆಗೆ ಹೋಗಣ್ವಾ ಅಮ್ಮ ಅಂದ. ಬೆಳಿಗ್ಗೆ ನೋಡಣ, ಮಲಕ್ಕೋ ಅಂದೆ. ನಾನೇ ಕದ ಹಾಕ್ಕೊಂಡೆ. ಎಲ್ಲರೂ ಶನಿ ಶನಿ ಅಂತಿದ್ರು. ನಂಗೆ ಗೊತ್ತಿತ್ತು ಮೇಡಂ, ಶನಿ ಅಲ್ಲ ಅಂತ. ಅವತ್ತು ಆ ಚೀಲ ಹಿಡ್ಕೊಂಡು ನಾನು ಬೈಯೋಕೆ ಹೋಗಿರ್ಲಿಲ್ಲ. ಇದನ್ನ ಯಾರಿಗಾದ್ರೂ ಹೇಳ್ಲಿಲ್ಲ ಅಂದ್ರೆ ಕೆರೆಗೆ ಬೀಳ್ತೀನಿ ಅನ್ನಿಸ್ತು. ಬಾಗಿಲು ಹಾಕ್ಸಿ ಅವ್ರಿಗೆ ಹೇಳ್ದೆ."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಎಲ್ಲಾ ಕೇಳಿಸ್ಕೊಂಡ್ರು. ನನ್ನ ಕೈ ಹಿಡ್ಕೊಂಡ್ರು. ಇದನ್ನ ಇನ್ಯಾರಿಗೂ ಹೇಳ್ಬೇಡಿ, ಜನ ನಿಮ್ಮನ್ನ ಬದುಕೋಕೆ ಬಿಡಲ್ಲ, ನೀವೂ ನಿಮ್ಮನ್ನ ಬಿಡಲ್ಲ ಅಂದ್ರು. ಶನಿಯಿಂದ ಆಯ್ತು ಅನ್ನಿ, ನಾನು ಹೌದು ಅಂತೀನಿ ಅಂದ್ರು. ಬಾಗಿಲು ತೆಗೆದ್ರು. ನಾನು ಅಂದೆ. ಅವ್ರು ಹೌದು ಅಂದ್ರು. ಶುಕ್ರವಾರ ಶುಕ್ರವಾರ ಬಂದು ಎದುರಿಗೆ ನಿಂತ್ಕೋತಿದ್ರು. ಬೈದ ದಿನ ಸ್ವಲ್ಪ ನಿದ್ದೆ ಬರೋದು ಮೇಡಂ."

ಹೀಗೆಂದು ಆಕೆ ಮೊದಲ ಸಲ ನನ್ನ ಕಡೆ ತಿರುಗಿದರು. "ಈಗ ಅವ್ರೂ ಇಲ್ಲ. ಇನ್ನು ನಾನು ಯಾರ್ನ ಬೈಲಿ?"

ಮಿಸ್ ಆ ಸೆಂಟರಿಗಾಗಿ ಎಷ್ಟು ತಿರುಗಿದ್ದರು ಎಂದು ನನಗೆ ಗೊತ್ತು, ಅವರ ಕಾಲಿನ ಜೊತೆ ನನ್ನ ಕಾಲೂ ನೊಂದಿತ್ತು. ಅದನ್ನು ಕೊಟ್ಟು ಕೊಂಡದ್ದು ಈ ಹೆಂಗಸಿನ ವಾರಕ್ಕೊಂದು ರಾತ್ರಿಯ ನಿದ್ದೆ. ದಾರಿಯುದ್ದಕ್ಕೂ ನಾನು ಆಡಿದ ಮಾತುಗಳೆಲ್ಲ ಬೇಡಬೇಡವೆಂದರೂ ನೆನಪಾದವು. ಆಕೆಯ ಪಕ್ಕದಲ್ಲಿ ಕೂತೆ.

"ಅವತ್ತು ಶನಿನ ತಂದಾಗ ನಾನೂ ಜೊತೇಲಿದ್ದೆ ಕಣ್ರಮ್ಮಾ" ಎಂದೆ. "ಶುಕ್ರವಾರ ನಾನು ಬರ್ತೀನಿ. ನನ್ನನ್ನ ಬೈರಿ."

ಆಕೆ ಬೇಡ ಎನ್ನಲಿಲ್ಲ.